ಸೂಜಿಯಿಂದ ಬೀಳದ ಕಾರ್ಡು

ಮೊನ್ನೆ ಶಿಕಾರಿಪುರದ ತಾಲ್ಲೂಕು ಕಚೇರಿಗೆ ಹೋಗಿದ್ದೆ. ಕಿಟಕಿಯ ಆಚೆ ಕಂಪ್ಯೂಟರಿನ ಮುಂದೆ ಕೂತ ಹುಡುಗಿ ನನ್ನ ಅರ್ಜಿಯನ್ನು ಟಕಟಕ ತುಂಬಿಸುತ್ತಾ ಹೋಗಿ ಒಂದು ಕಡೆ ನಿಂತಳು.

"ಅಜ್ಜಿ, ನಿಮ್ಮ ಅಪ್ಪಾರಿಗೆ ಬೇರೆ ವಾರಸುದಾರರು ಯಾರಾದ್ರೂ ಅದಾರೇನ್ರೀ?"

"ಗೊತ್ತಿಲ್ಲವ್ವ. ದಾಯಾದಿಗಳು ಹಾವೇರಿ ಕಡೆ ಹೋದೋರು ಏನಾದ್ರೋ ಯಾರಿಗೆ ಗೊತ್ತು."

"ಗೊತ್ತಿಲ್ಲ ಅನ್ನೋದು ಇದ್ರಾಗಿಲ್ರೀ. ಹೌದು, ಇಲ್ಲ, ಎರಡೇ. ಖಾಲಿ ಬಿಟ್ರೆ ಮುಂದಕ್ಕೇ ಹೋಗಂಗಿಲ್ಲ. 'ಇಲ್ಲ' ಅಂತ ಒತ್ತಿಬಿಡ್ಲೇನು?"

"ಒತ್ತಬೇಡ!" ಅಂದೆ. ಬಹುಶಃ ಕೂಗಿದೆನೇನೋ. ಹಿಂದೆ ಸಾಲಿನಲ್ಲಿದ್ದವರು ಬೆಚ್ಚಿದರು. "ಮುದುಕಿಗೆ ಬಿಸಿಲು ತಲೆಗೇರೈತಿ" ಅಂತ ಒಬ್ಬ ಅಂದದ್ದೂ ಕೇಳಿಸಿತು. ಅರ್ಜಿ ವಾಪಸ್ಸು ತೆಗೆದುಕೊಂಡು ಬಂದುಬಿಟ್ಟೆ. ಆ ಕೆಲಸ ಇನ್ನೂ ಆಗಿಲ್ಲ. ಒಂದು 'ಇಲ್ಲ'ಕ್ಕೆ ಇಷ್ಟು ಹೆದರುವ ಹೆಂಗಸನ್ನು ನೀವೂ ಕಂಡಿರಲಿಕ್ಕಿಲ್ಲ. ಅದಕ್ಕೊಂದು ಹಿನ್ನೆಲೆ ಇದೆ. ಯಾರಿಗೂ ಪೂರ್ತಿಯಾಗಿ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ನನಗೆ ಆಗ ಇಪ್ಪತ್ತೆರಡು ವರ್ಷ. ಟೈಪಿಂಗ್ ಪಾಸು ಮಾಡಿಕೊಂಡು ಶಿಕಾರಿಪುರದ ಒಂದು ಕಚೇರಿಯಲ್ಲಿ ಹಂಗಾಮಿ ಗುಮಾಸ್ತೆಯಾಗಿದ್ದೆ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಸುತ್ತ ಮಂಗಗಳು ಸತ್ತು ಬಿದ್ದು, ಅವುಗಳ ಹಿಂದೆಯೇ ಜನಕ್ಕೂ ಜ್ವರ ಹತ್ತಿದ ಮರುವರ್ಷದ ಬೇಸಿಗೆ ಅದು. ಕಾಡಿನ ಉಣುಗು ಹುಳ ಕಚ್ಚುವುದರಿಂದ ಬರುವ ಕಾಯಿಲೆ ಅಂತ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಔಷಧಿ ಮಾತ್ರ ಇರಲಿಲ್ಲ. ಯಾರು ಕಾಡಿಗೆ ಹೋಗುತ್ತಾರೆ, ಯಾರ ಮನೆಯಲ್ಲಿ ಜ್ವರ ಇದೆ ಅಂತ ಮನೆಮನೆಗೆ ಹೋಗಿ ಬರೆದುಕೊಳ್ಳಲು ಹೊರಗಿನಿಂದ ಒಂದು ತಂಡ ಬಂತು. ಪ್ಯಾಂಟು ಹಾಕಿದ ಗಂಡಸರನ್ನು ಕಂಡರೆ ಹಳ್ಳಿಯ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದಕ್ಕೆ ಒಬ್ಬ ಹೆಣ್ಣುಮಗಳು ಬೇಕಾಗಿತ್ತು. ನನ್ನ ಅಕ್ಷರ ದುಂಡಗಿತ್ತು. ನನಗಿದ್ದ ಅರ್ಹತೆ ಅದೊಂದೇ.

ಅವ್ವ ಸುಮ್ಮನಿರಲಿಲ್ಲ. "ಲಗ್ನ ಆಗದ ಹುಡುಗಿ ಗಂಡಸರ ಜೀಪಿನಾಗ ಒಬ್ಬಾಕೀನೇ ಹೋಗೂದೇನು?" ಅಂತ ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು ತಾನೇ ಮೊದಲು ಜೀಪು ಹತ್ತಿ ಕೂತಳು. ಇಳಿಸುವ ಧೈರ್ಯ ಯಾರಿಗಿತ್ತು? ಶಿರಾಳಕೊಪ್ಪ ದಾಟುವಷ್ಟರಲ್ಲಿ ಡ್ರೈವರನಿಗೆ ಎಷ್ಟು ಮಕ್ಕಳು, ಹೆಂಡತಿಯ ತವರು ಯಾವುದು, ಮಾವನಿಗೆ ಎಂಥ ಕೆಮ್ಮು, ಎಲ್ಲ ತಿಳಿದುಕೊಂಡಿದ್ದಳು. ಒಂದೇ ಒಂದು ಪ್ರಶ್ನೆ ಕೇಳಿದ್ದು ನಾನು ಕಾಣೆ.

ತಂಡದ ಯಜಮಾನರು ಪದ್ಮನಾಭಯ್ಯ ಅಂತ. ಡಾಕ್ಟರಲ್ಲ, ಅಂಕಿಅಂಶದವರು. ತೆಳ್ಳಗೆ, ಕೊಡೆಯ ಕಡ್ಡಿಯ ಹಾಗಿದ್ದರು. ಅವರು ತಂದಿದ್ದ ಕಾರ್ಡುಗಳನ್ನು ನಾನು ಮೊದಲು ನೋಡಿದಾಗ ಇಸ್ಪೀಟಿನ ದೊಡ್ಡಣ್ಣ ಅಂದುಕೊಂಡೆ. ಅಂಗೈಗಿಂತ ಅಗಲದ ಗಟ್ಟಿ ಕಾರ್ಡು, ಅದರ ನಾಲ್ಕೂ ಅಂಚಿನಲ್ಲಿ ಸಾಲಾಗಿ ಸಣ್ಣ ತೂತುಗಳು. ಒಂದೊಂದು ತೂತಿಗೆ ಒಂದೊಂದು ಪ್ರಶ್ನೆ. ಒಬ್ಬ ಮನುಷ್ಯನಿಗೆ ಒಂದು ಕಾರ್ಡು. ಕಾಡಿಗೆ ಹೋಗುತ್ತೀರಾ ಅಂದದ್ದಕ್ಕೆ ಹೌದು ಅಂದರೆ ಆ ತೂತನ್ನು ಅಂಚಿನವರೆಗೂ ಕತ್ತರಿಸಿ ಬಾಯಿ ತೆರೆಯಬೇಕು. ಇಲ್ಲ ಅಂದರೆ ಹಾಗೇ ಬಿಡಬೇಕು. ಸಂಜೆ ಎಲ್ಲ ಕಾರ್ಡುಗಳನ್ನೂ ಕಟ್ಟಾಗಿ ಜೋಡಿಸಿ, ಆ ತೂತಿನೊಳಗೆ ಒಂದು ಉದ್ದನೆಯ ಸೂಜಿ ತೂರಿಸಿ ಮೇಲೆತ್ತಿದರೆ, ಬಾಯಿ ತೆರೆದ ಕಾರ್ಡುಗಳೆಲ್ಲ ಕೆಳಗೆ ಬೀಳುತ್ತವೆ. ಉಳಿದವು ಸೂಜಿಯಲ್ಲೇ ನೇತಾಡುತ್ತವೆ. ಬಿದ್ದವರ ಮನೆಗೆ ಮಾರನೆಯ ದಿನ ಮತ್ತೆ ಹೋಗಿ, ಕಾಡಿಗೆ ಕಾಲಿಡಬೇಡಿ ಅಂತ ಬಿಡಿಸಿ ಹೇಳಿ, ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಕೊಡಬೇಕು. ಎಲ್ಲರಿಗೂ ಕೊಡುವಷ್ಟು ಎಣ್ಣೆ ಇರಲಿಲ್ಲ.

ಪದ್ಮನಾಭಯ್ಯನವರಿಗೆ ಕಲ್ಕತ್ತೆಗೆ ಬಂದಿದ್ದ ದೊಡ್ಡ ಲೆಕ್ಕದ ಯಂತ್ರದ ಹುಚ್ಚು. ನಾವು ಇಳಿದುಕೊಂಡಿದ್ದ ಬಂಗಲೆಯ ಜಗುಲಿಯಲ್ಲಿ ಚಹಾ ಕುಡಿಯುತ್ತಾ ಅದರ ವಿಷಯವೇ. "ಅದಕ್ಕೆ ನೆನಪು ಅನ್ನೋದಿದೆಯಮ್ಮ. ನೆನಪು ಅಂತಲೇ ಕರೀತಾರೆ. ಮನುಷ್ಯನ ತಲೆ ಹೇಗೆ ಕೆಲಸ ಮಾಡುತ್ತೆ ಅಂತ ಮೊದಲು ಒಂದು ಊಹೆ ಮಾಡ್ಕೋತಾರೆ, ಆಮೇಲೆ ಆ ಊಹೆ ಮೇಲೆ ಯಂತ್ರ ಕಟ್ಟುತ್ತಾರೆ. ತಲೆ ಅಂದ್ರೆ ಅಂಚೆ ಕಚೇರಿಯ ಗೂಡುಗಳಿದ್ದ ಹಾಗೆ. ಇಂಥ ಕಾಗದ ಇಂಥ ಗೂಡಲ್ಲಿ. ನನ್ನ ಕಾರ್ಡೂ ಅದೇ. ಸರಿಯಾದ ಗೂಡಿಗೆ ಕೈ ಹಾಕಿದರೆ ಸರಿಯಾದ ಕಾಗದ ಬರುತ್ತೆ."

"ನೆನಪೈತಿ ಅಂದ್ರೆ ಮರೆವೂ ಇರಬೇಕಲ್ರೀ ಅದಕ್ಕ?" ಅಂದಳು ಅವ್ವ.

"ಅದು ಮರೆಯೋದಿಲ್ಲಮ್ಮ. ಇಟ್ಟಿದ್ದು ಇಟ್ಟ ಹಾಗೇ ಇರುತ್ತೆ."

"ಹಂಗಾದ್ರ ಅದು ನೆನಪಲ್ರೀ, ಕಪಾಟು. ನೆನಪಂದ್ರ ಮೊಸರಿದ್ದಂಗ. ನಿನ್ನಿ ಮೊಸರು ಒಂದು ಚಮಚ ಹೆಪ್ಪು ಹಾಕಿ ಇವತ್ತಿನ ಮೊಸರು ಮಾಡ್ತೀವಿ. ಇವತ್ತಿಂದರಾಗ ನಾಳೀದು. ಅದೇ ಮೊಸರು ಅಂತ ಉಣ್ತೀವಿ. ಅದೇ ಏನ್ರೀ ಅದು?"

ಪದ್ಮನಾಭಯ್ಯ ನಕ್ಕರು. ನಾನೂ ನಕ್ಕೆ. ಅವ್ವ ಗಂಡಸರ ನಡುವೆ ಬಾಯಿ ಹಾಕಿದ್ದಕ್ಕೆ ನನಗೆ ನಾಚಿಕೆಯಾಗಿತ್ತು.

ಈಗ ಆ ಊರುಗಳ ಮಾತು. ನಮ್ಮ ಶಿಕಾರಿಪುರದ ಕಡೆ ಬೇಸಿಗೆಯ ಮಧ್ಯಾಹ್ನವೆಂದರೆ ಬಯಲು, ಕುರಿ, ದೂಳು, ದೂರದಲ್ಲಿ ಯಾರೋ ಯಾರನ್ನೋ ಕೂಗುವುದು. ಕ್ಯಾಸನೂರಿನ ಆಚೀಚೆ ಹಾಗಲ್ಲ. ಮನೆಗಳ ಬೆನ್ನಿಗೇ ಮರಗಳು ಶುರುವಾಗುತ್ತವೆ. ಮುಸಿಯಗಳು, ಅಂದರೆ ಕಪ್ಪು ಮುಖದ ಮಂಗಗಳು, ಕೊಂಬೆಯಿಂದ ಕೊಂಬೆಗೆ ಹಾರುವ ಸದ್ದು ಅಲ್ಲಿಯವರ ಕಿವಿಗೆ ನಮ್ಮ ಗೋಡೆ ಗಡಿಯಾರದ ಹಾಗೆ. ಇದೆ ಅಂತ ಗೊತ್ತಾಗುವುದು ನಿಂತಾಗ ಮಾತ್ರ. ಆ ವರ್ಷ ಅದು ನಿಂತಿತ್ತು. ಜನ ಮಾತಾಡುತ್ತಾ ಆಡುತ್ತಾ ಒಮ್ಮೆಲೇ ಸುಮ್ಮನಾಗಿ ಮರಗಳ ಕಡೆ ಕಿವಿ ಕೊಡುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಮತ್ತೆ ಮಾತು ಮುಂದುವರಿಸುತ್ತಿದ್ದರು, ಸ್ವಲ್ಪ ಸಣ್ಣ ದನಿಯಲ್ಲಿ. ಎರಡು ದಿನ ಕಳೆಯುವಷ್ಟರಲ್ಲಿ ನಾನೂ ಹಾಗೇ ಮಾಡುತ್ತಿದ್ದೆ.

ಸತ್ತ ಮುಸಿಯ ಒಂದನ್ನು ನಾನು ನೋಡಿದೆ. ಒಂದು ನೇರಳೆ ಮರದ ಬುಡದಲ್ಲಿ ಕೂತ ಹಾಗೇ ಸತ್ತಿತ್ತು. ಕಪ್ಪು ಮುಖ ಎದೆಗೆ ಬಾಗಿತ್ತು. ಒಂದು ಅಂಗೈ ಮೇಲ್ಮುಖವಾಗಿ ತೆರೆದಿತ್ತು, ಏನನ್ನೋ ಕೇಳುವ ಹಾಗೆ. ಅಂಗೈಯ ಮೇಲೆ ಒಣಗಿದ ಎಲೆಯೊಂದು ಬಿದ್ದಿತ್ತು. ಇದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಒಂದು ಸಲ ಅವ್ವನ ಎದುರಿಗೆ ಹೇಳುತ್ತಿದ್ದಾಗ ಅವಳು ತಲೆಯೆತ್ತಿ ನೋಡಿದಳು. "ನೀ ಎಲ್ಲಿ ನೋಡಿದಿ? ನೀ ಅವತ್ತು ಜೀಪಿನಾಗ ಕಾರ್ಡು ಜೋಡಿಸ್ತಾ ಕುಂತಿದ್ದಿ. ನೋಡಿದಾಕಿ ನಾನು. ಬಂದು ನಿನಗ ಹೇಳಿದೆ." ನಾನು ಜಗಳವಾಡಿದೆ. ಅವ್ವ ಸುಮ್ಮನೆ ಕೇಳಿದಳು: "ಹಂಗಾದ್ರ ಹೇಳು, ನಾತ ಹೆಂಗಿತ್ತು?" ನನಗೆ ಯಾವ ವಾಸನೆಯೂ ನೆನಪಿರಲಿಲ್ಲ. ಇವತ್ತಿಗೂ ಆ ಎಲೆ ಕಾಣುತ್ತದೆ, ವಾಸನೆ ಇಲ್ಲ.

ಕಾರ್ಡುಗಳ ಸುದ್ದಿ ಹಳ್ಳಿಯಿಂದ ಹಳ್ಳಿಗೆ ನಮಗಿಂತ ಮುಂಚೆ ಹೋಗುತ್ತಿತ್ತು. ಡ್ರೈವರ್ ಎಲ್ಲೋ ಹೇಳಿರಬೇಕು. ಸೂಜಿಯಿಂದ ಯಾರ ಕಾರ್ಡು ಬೀಳುತ್ತದೋ ಅವರಿಗೆ ಜ್ವರ ಬರುತ್ತದಂತೆ ಅಂತ ಜನ ಮಾತಾಡತೊಡಗಿದರು. ಅದರಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ ನೋಡಿ. ಕಾಡಿಗೆ ಹೋಗುವವರ ಕಾರ್ಡು ತಾನೇ ಬೀಳುವುದು. ಆದರೂ, ಹಗಲು ಹೊತ್ತಿನಲ್ಲಿ, ಬಿಸಿಲಿನಲ್ಲಿ, ನಿಮ್ಮ ಅಪ್ಪನ ವಯಸ್ಸಿನ ಗಂಡಸು ನಿಮ್ಮ ಜೀಪಿನ ಪಕ್ಕ ನಡೆದು ಬಂದು ತಗ್ಗಿದ ದನಿಯಲ್ಲಿ "ಅಮ್ಮಾ, ನಂದು ಬಿತ್ತಾ?" ಅಂತ ಕೇಳಿದರೆ ನಿಮಗೆ ಏನನ್ನಿಸುತ್ತದೆ? ನನಗೆ ಮೊದಲು ಭಯವಾಯಿತು. ಆಮೇಲೆ, ಹೇಳಲು ನಾಚಿಕೆ, ಸ್ವಲ್ಪ ಹೆಮ್ಮೆಯಾಯಿತು.

ನಾಗಮ್ಮನ ಮನೆ ಕ್ಯಾಸನೂರಿನಿಂದ ಸ್ವಲ್ಪ ಈಚೆ, ನಾಲ್ಕೇ ಮನೆಗಳ ಒಂದು ಕೇರಿಯಲ್ಲಿತ್ತು. ಗಂಡ ತಿಮ್ಮಪ್ಪ, ಎರಡು ಸಣ್ಣ ಹೆಣ್ಣುಮಕ್ಕಳು. ನಾವು ಹೋದಾಗ ತಿಮ್ಮಪ್ಪ ಕೊಟ್ಟಿಗೆಯಲ್ಲಿ ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಮತ್ತೆ ಕೂರಲಿಲ್ಲ. ನಾಗಮ್ಮ ಬೆಲ್ಲ, ನೀರು ಕೊಟ್ಟಳು. ಅವ್ವನಿಗೆ ಆ ದಿನ ಕಾಲು ಊದಿತ್ತು, ಬಂಗಲೆಯಲ್ಲೇ ಉಳಿದಿದ್ದಳು. ನಾನು ಅವಸರದಲ್ಲಿದ್ದೆ. ದಿನಕ್ಕೆ ಎಷ್ಟು ಮನೆ ಮುಗಿಸಿದೆ ಅಂತ ಪದ್ಮನಾಭಯ್ಯನವರಿಗೆ ಹೇಳುವ ಚಟ ಹತ್ತಿತ್ತು.

"ಕಾಡಿಗೆ ಹೋಗ್ತೀರಾ?"

"ಎಂತ ಕಾಡು ಅಕ್ಕಾ? ನಾವು ಕಾಡಿಗೆಲ್ಲ ಹೋಗೋರಲ್ಲ."

"ನಿಮ್ಮೋರು?"

"ಅವ್ರೂ ಇಲ್ಲ. ಕಾಡಲ್ಲಿ ಅವ್ರಿಗೆ ಎಂತ ಕೆಲಸ?"

ತಿಮ್ಮಪ್ಪನೂ ತಲೆ ಅಲ್ಲಾಡಿಸಿದ. ನಾನು ಇಬ್ಬರ ಕಾರ್ಡನ್ನೂ ಕತ್ತರಿಸದೆ ಚೀಲಕ್ಕೆ ಹಾಕಿಕೊಂಡು ಎದ್ದೆ. ಕಾಡಿಗೆ ಹೋಗದವರಿಗೆ ಬುದ್ಧಿ ಹೇಳಿ ಹೊತ್ತು ಕಳೆಯಬೇಡಿ ಅಂತ ನಮಗೆ ಅಪ್ಪಣೆಯಿತ್ತು.

ಎರಡು ದಿನ ಬಿಟ್ಟು ಪಕ್ಕದ ಮನೆಗೆ ಎಣ್ಣೆ ಕೊಡಲು ಹೋದಾಗ ನಾಗಮ್ಮ ಬೇಲಿಯ ಆಚೆಯಿಂದ ಕೇಳಿದಳು. "ಅಕ್ಕಾ, ನಮ್ಮನೇರದ್ದು ಬಿತ್ತಾ?"

ನಾನು ನಕ್ಕೆ. "ಇಲ್ಲ, ನಾಗಮ್ಮ. ನಿಮ್ಮೋರದ್ದು ಸೂಜಿಗೆ ಗಟ್ಟಿ ಹಿಡ್ಕೊಂಡು ಕೂತಿದೆ. ಅಲ್ಲಾಡೋದಿಲ್ಲ."

ಅವಳ ಮುಖ ಅರಳಿದ್ದು ನೋಡಬೇಕಿತ್ತು. ಒಳಗೆ ತಿರುಗಿ ಗಂಡನಿಗೆ ಕೂಗಿ ಹೇಳಿದಳು. ಅವನೂ ನಗುತ್ತಾ ಹೊರಗೆ ಬಂದು ನನಗೆ ಕೈಮುಗಿದ.

ಮೂರು ವಾರದ ಮೇಲೆ ಆ ಕೇರಿಯಿಂದ ಸಾವಿನ ಸುದ್ದಿ ಬಂತು. ಯಾರು ಅಂತ ಸುದ್ದಿ ತಂದವನಿಗೆ ಗೊತ್ತಿರಲಿಲ್ಲ. ಈ ಸಲ ಅವ್ವನೂ ಬಂದಳು. ನಾಗಮ್ಮ ಕಂಬಕ್ಕೊರಗಿ ಕೂತಿದ್ದಳು. ಒಂದು ವಾರ ಸುಡುವ ಜ್ವರ, ತಲೆನೋವು, ಒಸಡಿನಲ್ಲಿ ರಕ್ತ, ಆಮೇಲೆ ತಿಮ್ಮಪ್ಪ ಇಲ್ಲ. ಅವ್ವ ಅವಳ ಪಕ್ಕ ಕೂತಳು. ಕೊಟ್ಟಿಗೆಯಲ್ಲಿದ್ದ ಒಣ ಎಲೆಯ ರಾಶಿ ನೋಡಿ, "ಎಷ್ಟೊಂದು ದರಗು ಒಟ್ಯಾನವ್ವ ನಿನ್ನ ಗಂಡ, ಪುಣ್ಯಾತ್ಮ" ಅಂದಳು. ಪ್ರಶ್ನೆಯಲ್ಲ, ಬರೀ ಮಾತು.

"ಕಾನಿಂದ ಹೊತ್ತಿದ್ದು ಅಮ್ಮ. ದಿನಾ ಎರಡು ಹೊರೆ. ಕಾರ್ಡು ಬೀಳ್ಲಿಲ್ಲ ಅಂತ ಧೈರ್ಯ ಬಂತು ಅವ್ರಿಗೆ."

"ಕಾಡಿಗೆ ಹೋಗಲ್ಲ ಅಂದ್ರಲ್ಲ?" ಅಂದೆ. ನನ್ನ ಧ್ವನಿ ನನಗೇ ಬೇರೆಯವರದ್ದು ಅನ್ನಿಸಿತು.

ನಾಗಮ್ಮ ನನ್ನನ್ನು ನೋಡಿದಳು, ಮಗುವಿಗೆ ತಿಳಿಸಿ ಹೇಳುವವರ ಹಾಗೆ. "ಕಾಡಿಗೆ ಎಲ್ಲಿ ಹೋದ್ರು ಅಕ್ಕಾ? ಕಾಡು ಅಂದ್ರೆ ದೂರ, ಸರ್ಕಾರದ್ದು, ಹುಲಿ ಇರೋದು. ಇದು ಕಾನು. ನಮ್ಮ ಮನೆ ಹಿಂದಿಂದು. ದೇವ್ರು ಇರೋದು. ಮೆಣಸಿನ ಬಳ್ಳಿ ಇರೋದು."

ಅವಳು ಕೈ ತೋರಿಸಿದ ಕಡೆ ನೋಡಿದೆ. ಕೊಟ್ಟಿಗೆಯ ಹಿಂದೆ ಹತ್ತು ಹೆಜ್ಜೆಗೆ ಮರಗಳು, ಒಳಗೆ ಮಧ್ಯಾಹ್ನವೂ ಕತ್ತಲು, ಒಂದು ಸದ್ದಿಲ್ಲ. ಮೊದಲ ದಿನವೂ ಅದು ಅಲ್ಲೇ ಇತ್ತು. ನಾನು ಅದಕ್ಕೆ ಬೆನ್ನು ಮಾಡಿ ಕೂತೇ "ಕಾಡಿಗೆ ಹೋಗ್ತೀರಾ" ಅಂತ ಕೇಳಿದ್ದೆ. ಕಾನು ಅನ್ನುವುದನ್ನು ನಾನು ಊರಿನ ಹೆಸರುಗಳ ಬಾಲದಲ್ಲಿ ಕೇಳಿದ್ದೆನೇ ಹೊರತು, ಅದೊಂದು ಜಾಗ, ಜನ ಎದ್ದು ಹೋಗಿ ಬರುವ ಜಾಗ ಅಂತ ನನಗೆ ಗೊತ್ತಿರಲಿಲ್ಲ. ಬಯಲಿನವರು ನಾವು. ಇಪ್ಪತ್ತು ಮೂವತ್ತು ಮೈಲಿಯಲ್ಲಿ ಒಂದು ಪದ ಸತ್ತುಹೋಗಿರುತ್ತದೆ ಅಂತ ಯಾರಿಗೆ ಗೊತ್ತು?

ಸಂಜೆ ಪದ್ಮನಾಭಯ್ಯನವರ ಮುಂದೆ ನಿಂತು ಎಲ್ಲ ಹೇಳಿದೆ. ತಪ್ಪು ನನ್ನದು ಅಂದೆ.

ಅವರು ತಿಮ್ಮಪ್ಪನ ಕಾರ್ಡನ್ನು ಹುಡುಕಿ ತೆಗೆದು ಬೆಳಕಿಗೆ ಹಿಡಿದರು. "ಕೇಳಿದ್ದು ನೀನು, ಪ್ರಶ್ನೆ ನಂದು" ಅಂದರು. "ಈ ತೂತು ನೋಡು. ಇಲ್ಲ ಅಂದವರೂ, ನಾವು ಕೇಳದೇ ಬಿಟ್ಟವರೂ, ನಮ್ಮ ಮಾತು ಅರ್ಥವಾಗದವರೂ, ಸೂಜಿಗೆ ಎಲ್ಲರೂ ಒಂದೇ. ನನ್ನ ತಲೆಯಲ್ಲಿ ಕಾಡು ಅನ್ನೋ ಗೂಡು ಇತ್ತು. ಅವರ ತಲೆಯಲ್ಲೂ ಅದೇ ಗೂಡು ಅದೇ ಜಾಗದಲ್ಲಿ ಇರುತ್ತೆ ಅಂದುಕೊಂಡೆ."

ಮಾರನೆಯ ದಿನದಿಂದ ಸೂಜಿಯಲ್ಲಿ ಉಳಿದಿದ್ದ ಎಲ್ಲರ ಮನೆಗೂ ಮತ್ತೆ ನಡೆದೆವು. ಈ ಸಲ ಅವ್ವ ಮುಂದೆ, ನಾನು ಹಿಂದೆ. ಅವ್ವ ಎಲೆಅಡಿಕೆ ಬಿಚ್ಚಿ ಕೂತು, ಒಲೆಗೆ ಸೌದೆ ಎಲ್ಲಿಂದ, ದನ ಎಲ್ಲಿ ಮೇಯುತ್ತವೆ ಅಂತ ಮಾತು ತೆಗೆಯುವಳು. ಕಾನಿನ ಹೆಸರು ತಾನಾಗಿ ಬರುತ್ತಿತ್ತು. ನಾನು ಕತ್ತರಿಸುತ್ತಿದ್ದೆ. ಎಣ್ಣೆ ಸಾಲಲಿಲ್ಲ; ಅವ್ವ ಒಬ್ಬೊಬ್ಬರ ಕೈ ಹಿಡಿದು ಹೋಗಬೇಡಿ ಅಂದಳು. ನಾಲ್ಕನೆಯ ಸಂಜೆ ಆ ಕಟ್ಟಿಗೆ ಸೂಜಿ ತೂರಿಸಿ ಪದ್ಮನಾಭಯ್ಯ ಮೇಲೆತ್ತಿದರು. ಮೊದಲು ಒಂದು ಸಲ ಅದೇ ಕಟ್ಟು ಒಂದೂ ಬೀಳದೆ ನಿಂತಿತ್ತು. ಈಗ ಇಡೀ ಕಟ್ಟು ಒಮ್ಮೆಲೇ ಜಾರಿ ಮೇಜಿನ ಮೇಲೆ ಸುರಿಯಿತು. ಸೂಜಿಯಲ್ಲಿ ಎರಡು ಕಾರ್ಡು ಉಳಿದವು. ಡ್ರೈವರ್ ಎದ್ದು ಹೊರಗೆ ಹೋದ.

ಪದ್ಮನಾಭಯ್ಯ ಆಮೇಲೆ ಹೊಸ ಕಾರ್ಡು ಮಾಡಿದರು. 'ಕೇಳಿಲ್ಲ' ಅನ್ನುವುದಕ್ಕೇ ಒಂದು ತೂತು. 'ತಾನಾಗಿ ಹೇಳಿದ್ದು', 'ಕೇಳಿದ ಮೇಲೆ ಹೇಳಿದ್ದು' ಅಂತ ಬೇರೆ ಬೇರೆ ತೂತು. ಯಾಕೆಂದರೆ ಅಷ್ಟರಲ್ಲಿ ಇನ್ನೊಂದು ವಿಚಿತ್ರ ಶುರುವಾಗಿತ್ತು: ಮಂಗ ಸತ್ತಿದ್ದು ನೋಡಿದಿರಾ ಅಂತ ನಾವು ಕೇಳಿ ಬಂದ ಊರಿನಲ್ಲಿ, ಮರುವಾರ ಹೋದರೆ, ನೋಡದೆ ಇದ್ದವರಿಗೂ ನೋಡಿದ ನೆನಪು ಬಂದಿರುತ್ತಿತ್ತು. ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಕಣ್ಣಲ್ಲಿ ನೀರು ಹಾಕಿಕೊಂಡು ಹೇಳುತ್ತಿದ್ದರು. ಕೆಲವು ವರ್ಷದ ಮೇಲೆ ಪದ್ಮನಾಭಯ್ಯನವರು ಕಲ್ಕತ್ತೆಯಿಂದ ಒಂದು ಕಾಗದ ಬರೆದರು. ಯಂತ್ರದ ಕೆಲಸಕ್ಕೇ ಸೇರಿದ್ದರು. "ಇಲ್ಲಿ ನೆನಪಿಗೆ ಎಷ್ಟು ಗೂಡು ಬೇಕು ಅಂತ ದಿನಾ ಚರ್ಚೆ. ನಿಮ್ಮ ತಾಯಿಯವರ ಮೊಸರಿನ ಮಾತು ಹೇಳಿದೆ. ಎಲ್ಲರೂ ನಕ್ಕರು. ಒಬ್ಬ ಮಾತ್ರ ಬರೆದುಕೊಂಡ." ಅವ್ವನಿಗೆ ಓದಿ ಹೇಳಿದೆ. "ಬರಕಂಡು ಏನ್ ಮಾಡ್ತಾನ?" ಅಂದಳು.

ತಂಡ ವಾಪಸ್ಸು ಹೊರಡುವ ಮೊದಲು ನಾನೊಬ್ಬಳೇ ನಾಗಮ್ಮನ ಮನೆಗೆ ಹೋದೆ. ಹೇಳದೆ ಹೋದರೆ ಬದುಕಲಾರೆ ಅನ್ನಿಸಿತ್ತು. ಅವಳು ಅಂಗಳದಲ್ಲಿ ಸಣ್ಣ ಮಗಳ ತಲೆ ಬಾಚುತ್ತಿದ್ದಳು.

"ನಾಗಮ್ಮ, ನಿಮ್ಮೋರಿಗೆ ನಾನು ಹೇಳಬೇಕಿತ್ತು, ಹೋಗಬೇಡಿ ಅಂತ. ಹೇಳ್ಲಿಲ್ಲ. ಅದರ ಮೇಲೆ ನಕ್ಕೊಂಡು ಧೈರ್ಯ ಬೇರೆ ಹೇಳಿದೆ."

ಅವಳ ಬಾಚಣಿಗೆ ನಿಂತಿತು. "ಹೇಳಿದ್ರಲ್ಲ ಅಕ್ಕಾ" ಅಂದಳು.

"ಇಲ್ಲ."

"ಹೇಳಿದ್ರಿ. ಮೊದ್ಲ ದಿನಾನೇ. ಅಲ್ಲಿ, ಆ ಕಂಬ ಹಿಡ್ಕಂಡು ನಿಂತು ಹೇಳಿದ್ರಿ. ಬಿಸ್ಲು ನಿಮ್ಮ ಮುಖದ ಮೇಲಿತ್ತು. ಕಾನಿಗೆ ಹೋಗ್ಬೇಡಿ ತಿಮ್ಮಪ್ಪ, ಸಣ್ಣ ಮಕ್ಕಳಿದಾವೆ ಅಂದ್ರಿ. ಅವ್ರೇ ಕೇಳ್ಲಿಲ್ಲ."

"ನಾಗಮ್ಮ, ನಾನು ಹೇಳ್ಲಿಲ್ಲ."

"ನೀವು ಹೇಳಿದ್ರಿ" ಅಂದಳು ಮೂರನೆಯ ಸಲ. ದನಿಯಲ್ಲಿ ಸಿಟ್ಟಿತ್ತು. ನನ್ನ ಮಾತು ನಿಜವಾದರೆ ಅವಳು ಬೇಲಿಯ ಆಚೆಯಿಂದ ಕೇಳಿದ ಪ್ರಶ್ನೆಯೂ, ಒಳಗೆ ಕೂಗಿ ಹೇಳಿದ ಸಂತೋಷವೂ ನಿಜವಾಗಬೇಕಾಗಿತ್ತು. ಅದು ನನಗೆ ಆ ಕ್ಷಣ ಹೊಳೆಯಿತು. ಅವಳು ಮತ್ತೆ ತಲೆ ಬಾಚತೊಡಗಿದಳು. ನಾನು ಎದ್ದು ಬಂದೆ. ಆಮೇಲೆ ಅವಳನ್ನು ನೋಡಲಿಲ್ಲ.

ಈಗ ಎಷ್ಟೋ ವರ್ಷಗಳಾದವು. ಯಾವಾಗ ಶುರುವಾಯಿತು ಅಂತ ಹೇಳಲಾರೆ, ಆದರೆ ಈಚೀಚೆಗೆ ನನಗೂ ನೆನಪಾಗುತ್ತದೆ. ಆ ಅಂಗಳದಲ್ಲಿ ನಿಂತಿದ್ದೇನೆ. ಅಂಗೈಗೆ ಕಂಬದ ಮರ ತಣ್ಣಗೆ ಹತ್ತುತ್ತಿದೆ. ಬಿಸಿಲು ಮುಖಕ್ಕೆ ಹೊಡೆದು ಕಣ್ಣು ಕಿರಿದು ಮಾಡಿಕೊಂಡಿದ್ದೇನೆ. ಹಗ್ಗ ಹೊಸೆಯುತ್ತಿದ್ದ ತಿಮ್ಮಪ್ಪ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾನೆ. ನಾನು ಅವಸರವಿಲ್ಲದೆ, ಸ್ಪಷ್ಟವಾಗಿ ಹೇಳುತ್ತಿದ್ದೇನೆ: "ಕಾನಿಗೆ ಹೋಗ್ಬೇಡಿ ತಿಮ್ಮಪ್ಪ." ಅವನು ಆಗಲಿ ಅಂತ ತಲೆಯಾಡಿಸುತ್ತಾನೆ. ಎಷ್ಟು ಸಮಾಧಾನವಾಗುತ್ತದೆ ಅಂತೀರಿ! ಅದನ್ನು ನಂಬಿಬಿಡೋಣ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಎಲ್ಲವೂ ಸರಿಯಾಗಿಯೇ ಇದೆ, ಒಂದು ಬಿಟ್ಟು. ಕಾನು ಅನ್ನುವ ಮಾತು ಆ ದಿನ ನನಗೆ ಗೊತ್ತೇ ಇರಲಿಲ್ಲ.